ಬೆಲ್ ಗುಂಡಿ ಪಕ್ಕದ ನಾಲ್ಕು ಹೆಸರು: ಅಡ್ಡಹೆಸರಿನ ಅರ್ಥ ಬಲ್ಲವರು ಹೇಳುತ್ತೀರಾ?

ಕನ್ನಡ ಟೀಚರ್, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಮೈಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮಗಳು ಓದಲು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ಐದು ತಿಂಗಳಾಯಿತು. ಅವಳಿರುವುದು ಕೆಂಪು ಕಲ್ಲಿನ ಒಂದು ಹಳೇ ಕಟ್ಟಡದಲ್ಲಿ. ಬೀದಿ ಬಾಗಿಲ ಪಕ್ಕ ಬೆಲ್ ಗುಂಡಿಗಳ ಹಲಗೆ ಇದೆ. ಒಂದೊಂದು ಗುಂಡಿಗೂ ಒಂದೊಂದು ಚೀಟಿ, ಚೀಟಿಯಲ್ಲಿ ಬರೀ ಅಡ್ಡಹೆಸರು. ಮೊನ್ನೆ ವೀಡಿಯೋ ಕಾಲ್‌ನಲ್ಲಿ ತೋರಿಸಿದಳು. ಕ್ಯಾಂಪ್‌ಬೆಲ್, ಮ್ಯಾಕಿಂಟೈರ್, ಮರ್ಫಿ. ನಾಲ್ಕನೇ ಚೀಟಿ ಇವಳದು. ಅದರಲ್ಲಿ ನಮ್ಮ ಯಜಮಾನರ ಹೆಸರು!

ಯಾಕೆ ಅಂದ್ರೆ, ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಅನ್ನೋ ಜಾಗಕ್ಕೆ ಏನು ಬರೆಯಬೇಕೋ ತಿಳಿಯದೆ ಅವಳ ಅಪ್ಪನ ಹೆಸರು ಬರೆದಿದ್ದೆವು. ಈಗ ಅಲ್ಲಿ ಕ್ಲಾಸಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ಅದೇ ಹೆಸರಿನಿಂದ ಕರೆಯುತ್ತಾರಂತೆ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. "ಅಮ್ಮಾ, ಡಾಕ್ಟರ್ ಹತ್ರ ಹೋಗಿದ್ದೆ. ಅಪ್ಪನ ಹೆಸರು ಕೂಗಿದ್ರು. ನಾನು ಬಾಗಿಲ ಕಡೆ ತಿರುಗಿ ನೋಡಿಬಿಟ್ಟೆ" ಅಂದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಯಜಮಾನರದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಲ್ಲಿ ಯಾರಿಗೂ ಅಡ್ಡಹೆಸರು ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ತಮ್ಮ ಹೆಸರು, ಮುಗಿಯಿತು. ಕೆ.ಎಸ್.ನ. ಹೆಸರನ್ನೇ ನೋಡಿ. ಕಿಕ್ಕೇರಿ ಊರು, ಸುಬ್ಬರಾಯರು ತಂದೆ, ನರಸಿಂಹಸ್ವಾಮಿ ತಮ್ಮ ಹೆಸರು. ಪು.ತಿ.ನ. ಆದರೆ ಪು ಅಂದ್ರೆ ಪುರೋಹಿತ, ಮನೆತನದ ಕಸುಬು. ಇದನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಆದರೆ ಮಗಳು "ಇವರ ಹೆಸರಿಗೆಲ್ಲ ಏನರ್ಥ, ನಮಗ್ಯಾಕೆ ಇಂಥದ್ದು ಇಲ್ಲ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮಗನ ಪಾಸ್‌ಪೋರ್ಟ್ ಅರ್ಜಿ ಮೇಜಿನ ಮೇಲಿದೆ. ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದೇನೆ. ಆ ಮೂರು ಹೆಸರಿನ ಅರ್ಥ ಏನು? ನಾನು ಇಲ್ಲಿ ಏನು ಬರೆಯಲಿ?

ಸ್ಟಾಫ್ ನರ್ಸ್, ಈಗ ಸರಸ್ವತಿಪುರಂ

ಟೀಚರ್, ನಿಮ್ಮ ಮಗಳು ಬಾಗಿಲ ಕಡೆ ತಿರುಗಿ ನೋಡಿದ್ದು ಓದಿ ನಾನೂ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಟಿ. ನರಸೀಪುರದವಳು. ಸ್ಕಾಟ್ಲೆಂಡಿನ ಲೂಯಿಸ್ ಅನ್ನೋ ದ್ವೀಪದ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಬಂದಿದ್ದೇನೆ. ಅಲ್ಲಿ ಇವತ್ತಿಗೂ ಹಳಬರು ಮನೆಯಲ್ಲಿ ಗೇಲಿಕ್ ಅನ್ನೋ ಅಲ್ಲಿನ ಹಳೇ ಭಾಷೆ ಮಾತಾಡುತ್ತಾರೆ. ರಾತ್ರಿ ಪಾಳಿಯಲ್ಲಿ ಅಜ್ಜ ಅಜ್ಜಿಯರ ಹತ್ತಿರ ಕೇಳಿ ಕೇಳಿ ಕಲಿತಿದ್ದನ್ನು ಹೇಳುತ್ತೇನೆ.

ಮ್ಯಾಕ್ ಅಂದ್ರೆ ಮಗ. ನಮ್ಮ ಮಗ ಅನ್ನೋ ಪದದ ಹಾಗೇ ಕೇಳುತ್ತದೆ ಅಲ್ವಾ? ನಾನೂ ಮೊದಲು ಕುಣಿದಾಡಿದ್ದೆ. ಆದರೆ ನಂಟಿಲ್ಲ. ಅದೇ ಪದ ಪಕ್ಕದ ವೇಲ್ಸ್ ಮಾತಿನಲ್ಲಿ ಮಾಪ್ ಆಗಿದೆ, ಆಮೇಲೆ ಆಪ್. ಆಪ್ ಹಿವೆಲ್ ಅನ್ನೋದೇ ಪವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು. ಐರಿಷ್ ಹೆಸರುಗಳ ಮುಂದಿನ 'ಓ' ಅಂದ್ರೆ ಮೊಮ್ಮಗ, ಅಂದರೆ ಆ ವಂಶದವನು. ಓಬ್ರಯನ್ ಅಂದ್ರೆ ಬ್ರಯನ್ ಬೋರು ಅನ್ನೋ ದೊರೆಯ ವಂಶ. ಆ ದೊರೆ ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್ ಕಾಳಗದಲ್ಲಿ 1014ರಲ್ಲಿ ತೀರಿಕೊಂಡ. ಅವನ ಹೆಸರು ಸಾವಿರ ವರ್ಷದಿಂದ ಜನರ ಬಾಯಲ್ಲಿದೆ.

ಈಗ ನಿಮ್ಮ ಮೂರು ಹೆಸರು. ಮ್ಯಾಕಿಂಟೈರ್ ಅಂದ್ರೆ ಬಡಗಿಯ ಮಗ. ಮರ್ಫಿ ಅನ್ನೋದು ಮುರುಖ ಅನ್ನೋ ಹಳೇ ಹೆಸರಿನಿಂದ ಬಂದಿದ್ದು, ಕಡಲ ಕಾದಾಳು ಅಂತ ಅರ್ಥ. ಅದಕ್ಕೂ ಮುಂದೆ ಓ ಇತ್ತು, ಉದುರಿ ಹೋಯಿತು. ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನಕ್ಕೆ ಇರುವ ಅಡ್ಡಹೆಸರು ಅದೇ. ಕ್ಯಾಂಪ್‌ಬೆಲ್ ಕೇಳಿದರೆ ಎಷ್ಟು ಗತ್ತಾಗಿದೆ! ಕಾಮ್ ಅಂದ್ರೆ ಸೊಟ್ಟ, ಬೆಲ್ ಅಂದ್ರೆ ಬಾಯಿ. ಸೊಟ್ಟಬಾಯಿ. ಕ್ಯಾಮರಾನ್ ಅನ್ನೋದು ಹಾಗೇ ಡೊಂಕು ಮೂಗು. ಯಾರೋ ಒಬ್ಬ ಮುತ್ತಜ್ಜನಿಗೆ ಬಾಯಿ ಸ್ವಲ್ಪ ವಾಲಿತ್ತು, ಊರವರು ಹಾಗೆ ಕರೆದರು, ಅದು ದೊಡ್ಡ ಪಾಳೆಯಗಾರರ ಮನೆತನದ ಹೆಸರಾಗಿ ನಿಂತುಬಿಟ್ಟಿತು. ನಮ್ಮ ಹಳ್ಳಿಗಳಲ್ಲಿ ಕುಳ್ಳನ ಮನೆ, ಮೂಗನ ಮನೆ ಅನ್ನಲ್ವಾ?

ನಿಮ್ಮ ಮಗಳಿಗೆ ಇದನ್ನು ಹೇಳಲೇಬೇಕು. ಗೇಲಿಕ್‌ನಲ್ಲಿ ಹೆಣ್ಣುಮಕ್ಕಳಿಗೆ ಮ್ಯಾಕ್ ಬರುವುದಿಲ್ಲ. ಅವಳು ಮಗ ಅಲ್ಲವಲ್ಲ! ಅಣ್ಣ ಮ್ಯಾಕ್ ಆದರೆ ತಂಗಿ ನಿಕ್. ಐರಿಷ್‌ನಲ್ಲಿ ಅಣ್ಣ ಓ ಆದರೆ ತಂಗಿ ನೀ. ಮದುವೆಯಾಗಿ ಬಂದ ಸೊಸೆಗೆ ಮತ್ತೊಂದು ಪದ ಇದೆ, ಬ್ಯಾನ್ ಈ, ಅಂದರೆ ಆ ವಂಶದವನ ಹೆಂಡತಿ. ಇಂಗ್ಲಿಷ್ ಕಾಗದಕ್ಕೆ ಹೋದಾಗ ಇದೆಲ್ಲ ಅಳಿಸಿ, ಹೆಣ್ಣಿಗೂ ಮ್ಯಾಕ್ ಅಂಟಿಸಿದರು.

ಹೆಸರಿನ ಮೊದಲ ಅಕ್ಷರವೂ ಬದಲಾಗುತ್ತದೆ. ನೀ ಆದಮೇಲೆ ಬ್ರಯನ್ ಅನ್ನೋದು ವ್ರಿಯನ್ ಆಗುತ್ತದೆ. ನನಗೆ ಇದು ಯಾಕೆ ಅಂತ ಕೊನೆವರೆಗೂ ಹಿಡಿತಕ್ಕೆ ಸಿಗಲಿಲ್ಲ.

ಒಂದು ಘಟನೆ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಒಂದೇ ದಿನ ಮೂವರು ಅಜ್ಜಂದಿರು, ಮೂವರದೂ ಅದೇ ಹೆಸರು, ಅದೇ ಅಡ್ಡಹೆಸರು. ಆ ದ್ವೀಪದಲ್ಲಿ ಅದು ಸಾಮಾನ್ಯ, ಊರಿಗೆ ಊರೇ ಮೆಕ್ಲೌಡ್, ಮೆಕೆಂಜಿ. ನೋಡಲು ಬಂದ ಅಜ್ಜಿಯನ್ನು ಯಾರು ಬೇಕು ಅಂತ ಕೇಳಿದೆ. ಅವಳು ಅಡ್ಡಹೆಸರು ಹೇಳಲೇ ಇಲ್ಲ. "ಡೋಅಲ್ ಇಯನ್ ವುರುಖಿ" ಅಂದಳು. ಮುರುಖನ ಮಗ ಇಯನ್, ಇಯನ್ನನ ಮಗ ಡೋಅಲ್. ಮೂರು ತಲೆಮಾರು ಒಂದೇ ಉಸಿರಿನಲ್ಲಿ. ನಮ್ಮಜ್ಜಿ ಸಂತೆಯಲ್ಲಿ "ನೀನು ಯಾರ ಮಗಳವ್ವ? ಯಾರ ಮೊಮ್ಮಗಳು?" ಅಂತ ಕೇಳುತ್ತಿದ್ದಿದ್ದು ನೆನಪಾಯಿತು. ಅಡ್ಡಹೆಸರು ಸರ್ಕಾರಕ್ಕೆ, ಊರಿಗಲ್ಲ ಅಂತ ನನಗೆ ಅವತ್ತು ಅನ್ನಿಸಿತು.

ಆ ದ್ವೀಪಕ್ಕೂ ನಮ್ಮ ಮೈಸೂರಿಗೂ ಒಂದು ನಂಟಿದೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು, ಹಳ್ಳಿ ಹಳ್ಳಿಯ ಕೈಫಿಯತ್ತು, ಅಂದರೆ ಊರಿನ ಚರಿತ್ರೆ, ಬರೆಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲಿನ ಸ್ಟಾರ್ನೋವೇ ಊರಿನಲ್ಲಿ. ಮೆಕೆಂಜಿ ಅಂದ್ರೆ ಕೊಯ್ನ್ಯಖ್ ಅನ್ನೋನ ಮಗ. ಆ ಹೆಸರಿಗೆ ಚೆಲುವ ಅಂತ ಅರ್ಥ. ಚೆಲುವಯ್ಯನ ಮಗ ಅಂದುಕೊಳ್ಳಿ! ಆ ಹೆಸರಿನಲ್ಲಿ ಮೊದಲು ಜ ಸದ್ದು ಇರಲೇ ಇಲ್ಲ. ಯ ತರಹದ ಒಂದು ಹಳೇ ಅಕ್ಷರ ಇತ್ತು. ಅಚ್ಚಿನಮೊಳೆಯಲ್ಲಿ ಅದು ಸಿಗದೆ ಅದನ್ನೇ ಹೋಲುವ ಝಡ್ ಹಾಕಿದರು. ಆಮೇಲೆ ಜನ ಬರೆದ ಹಾಗೇ ಓದಿದರು.

ಬೆಂಗಳೂರಿನ ಕಬ್ಬನ್ ಪಾರ್ಕ್ ಹೆಸರೂ ಗೇಲಿಕ್ಕೇ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮ್ಯಾನ್ ಅನ್ನೋ ದ್ವೀಪದವರು. ಅಲ್ಲಿನ ಗೇಲಿಕ್ ಮಾತಿನಲ್ಲಿ ಮ್ಯಾಕ್ ಸವೆದು ಸವೆದು ಕೊನೆಯ ಕ್ ಒಂದೇ ಉಳಿಯಿತು. ಅದಕ್ಕೇ ಅವರ ಹೆಸರು ಕ್ವೇಲ್, ಕಾರ್ಲೆಟ್ ಅಂತ ಕಕಾರದಿಂದ ಶುರುವಾಗುವುದು ಜಾಸ್ತಿ. ಮ್ಯಾಕ್ ಗಿಬನ್ ಸವೆದು ಕಬ್ಬನ್. ಆದರೆ ನಮ್ಮ ಹಳೇ ಡಿಸಿ ಕಚೇರಿ ಮುಂದೆ ಪ್ರತಿಮೆ ಇದೆಯಲ್ಲ, ಆ ಜೇಮ್ಸ್ ಗಾರ್ಡನ್ ಅವರದು ಊರಿನ ಹೆಸರು. ಸ್ಕಾಟ್ಲೆಂಡಿನಲ್ಲಿ ಗಾರ್ಡನ್ ಅಂತಲೇ ಒಂದು ಹಳ್ಳಿ ಇದೆ. ನಮ್ಮ ಕಿಕ್ಕೇರಿ ಇದ್ದ ಹಾಗೆ.

ಕೊನೆಯದಾಗಿ ಮೆಕ್‌ಗ್ರೆಗರ್ ಕಥೆ. ಇದನ್ನು ಹೇಳಿದ ಅಜ್ಜನಿಗೆ ಹೇಳುವಾಗ ಕಣ್ಣು ತುಂಬಿತ್ತು. 1603ರಲ್ಲಿ ದೊರೆ ಆ ಹೆಸರನ್ನೇ ನಿಷೇಧ ಮಾಡಿದ. ನಾನು ಮೆಕ್‌ಗ್ರೆಗರ್ ಅಂದರೆ ಮರಣದಂಡನೆ. ಜನ ಹೆಸರು ಬಿಟ್ಟರು. ಮರಿ, ಡ್ರಮಂಡ್, ಗ್ರಾಂಟ್, ಕ್ಯಾಂಪ್‌ಬೆಲ್ ಅಂತ ಅಕ್ಕಪಕ್ಕದವರ ಹೆಸರು ಇಟ್ಟುಕೊಂಡು ಬದುಕಿದರು. 1661ರಲ್ಲಿ ಕಾನೂನು ತೆಗೆದರು, 1693ರಲ್ಲಿ ಮತ್ತೆ ತಂದರು. ಪೂರ್ತಿ ಹೋಗಿದ್ದು 1774ರಲ್ಲಿ. ನೂರೈವತ್ತು ವರ್ಷ ದಾಟಿದ ಮೇಲೂ ಎಷ್ಟೋ ಮನೆಗಳು ತಮ್ಮ ಹೆಸರಿಗೆ ಮರಳಿದವು. ಮನೆಯೊಳಗೆ, ಮಕ್ಕಳ ಕಿವಿಯಲ್ಲಿ ಅದನ್ನು ಹೇಳಿಕೊಂಡೇ ಬಂದಿದ್ದರು.

ಕನ್ನಡ ಟೀಚರ್, ಕುವೆಂಪುನಗರ, ಮೈಸೂರು

ನರ್ಸಮ್ಮಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮಗಳಿಗೆ ಪೂರ್ತಿ ಓದಿ ಹೇಳಿದೆ. ನಿಕ್ ಅನ್ನೋ ಪದ ಕೇಳಿ ಎರಡು ಸಲ ಹೇಳಿಸಿಕೊಂಡಳು.

ನಿಮಗೆ ಹಿಡಿತಕ್ಕೆ ಸಿಗದ ಆ ಅಕ್ಷರದ ಆಟಕ್ಕೆ ಹೋಲುವ ಒಂದು ವಿಷಯ ನಾನು ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ! ಆದೇಶ ಸಂಧಿ. ಎರಡು ಪದ ಸೇರುವಾಗ ಪ, ಬ, ಮ ಇದ್ದ ಕಡೆ ವ ಬರುತ್ತದೆ. ಕಡು ಜೊತೆ ಬೆಳ್ಪು ಸೇರಿದರೆ ಕಡುವೆಳ್ಪು. ಮೆಲ್ ಜೊತೆ ಮಾತು ಸೇರಿದರೆ ಮೆಲ್ವಾತು. ನಿಮ್ಮ ಬ್ರಯನ್ ವ್ರಿಯನ್ ಆಗಿದ್ದು, ಮುರುಖ ವುರುಖಿ ಆಗಿದ್ದು ಇದೇ ತರಹ ಅಲ್ವಾ? ಆ ಮಾತಿಗೂ ನಮ್ಮದಕ್ಕೂ ನೆಂಟಸ್ತನ ಇಲ್ಲ, ಗೊತ್ತು. ಆದರೆ ಮನುಷ್ಯರ ತುಟಿ ಎಲ್ಲ ಕಡೆ ಒಂದೇ. ನಿನ್ನೆ ಕ್ಲಾಸಿನಲ್ಲಿ ಬೋರ್ಡಿನ ಒಂದು ಕಡೆ ಮೆಲ್ವಾತು, ಇನ್ನೊಂದು ಕಡೆ ವುರುಖಿ ಬರೆದೆ. ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿದರು.

ಧಾರವಾಡದ ಮಗಳು, ಮಂಡ್ಯದ ಸೊಸೆ

ಅಕ್ಕೋರೆ, ನಮ್ಮ ಕಡೆ ಟೀಚರಿಗೆ ಹಾಗೇ ಅನ್ನುವುದು. ನಮಗ್ಯಾಕೆ ಅಡ್ಡಹೆಸರು ಇಲ್ಲ ಅಂತ ಕೇಳಬೇಡಿ. ಕನ್ನಡಿಗರಿಗೆ ಇದೆ, ಹಳೇ ಮೈಸೂರು ಸೀಮೆಯವರಿಗೆ ಕಡಿಮೆ, ಅಷ್ಟೇ. ನನ್ನ ತವರಿನ ಅಡ್ಡಹೆಸರು ಬಡಿಗೇರ. ನಿಮ್ಮ ಮಗಳ ಪಕ್ಕದ ಮನೆಯ ಮ್ಯಾಕಿಂಟೈರ್ ನಮ್ಮ ಮನೆತನವೇ ಅಂತಾಯಿತು! ಅಪ್ಪ ಚಕ್ಕಡಿ ಮಾಡುತ್ತಿದ್ದರು. ಗಾಲಿಯ ಗುಂಭಕ್ಕೆ ಅರಗಾಲು ಬಡಿಯುವ ಸದ್ದು ಇನ್ನೂ ಕಿವಿಯಲ್ಲಿದೆ.

ನಮ್ಮ ಓಣಿಯಲ್ಲಿ ಕಮ್ಮಾರ, ಹೂಗಾರ, ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಹಿರೇಮಠ ಎಲ್ಲ ಇದ್ದರು. ಮಂಡ್ಯಕ್ಕೆ ಮದುವೆಯಾಗಿ ಬಂದಾಗ ಇಲ್ಲಿ ಯಾರೋ "ಮೆಣಸಿನಕಾಯಿ ಅಂತಲೂ ಹೆಸರಿರುತ್ತಾ?" ಅಂತ ನಕ್ಕರು. ಬೇಸರವಾಯಿತು. ಆ ಹೆಸರಿನ ಹಿಂದೆ ಯಾವುದೋ ಅಜ್ಜ ಬ್ಯಾಡಗಿ ಸಂತೆಗೆ ಚೀಲ ಹೊತ್ತಿದ್ದಾನೆ. ಇಂಗ್ಲಿಷರ ಸ್ಮಿತ್ ಅಂದ್ರೆ ಕಮ್ಮಾರ, ಅದಕ್ಕೆ ಯಾರೂ ನಗುವುದಿಲ್ಲ.

ಇಲ್ಲಿ ನನ್ನ ಕಾಗದಗಳಲ್ಲಿ ಬಡಿಗೇರ ಉಳಿದಿಲ್ಲ. ಮಗಳ ಹೆಸರಿನ ಕೊನೆಗೆ ಹಾಕಿಸಿದ್ದೇನೆ. ಮನೆಯವರು ಒಪ್ಪಿದರು.

ಐಟಿ ಉದ್ಯೋಗಿ, ಹೆಬ್ಬಾಳ, ಮೈಸೂರು

ಮೇಡಂ, ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಖಾಲಿ ಬಿಡಬಹುದು. ಆದರೆ ಬಿಡಬೇಡಿ. ಒಂದೇ ಹೆಸರು ಇರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಅಕ್ಕನಿಗೆ ಹೇಗೋ ತಮ್ಮನಿಗೂ ಹಾಗೇ ಇರಲಿ, ಮಾರ್ಕ್ಸ್ ಕಾರ್ಡಿಗೂ ಹೊಂದಲಿ. ಅಪ್ಪನ ಹೆಸರು ಹಾಕುವುದು ವಿಚಿತ್ರವೇನಲ್ಲ. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿಗೆ ಗಂಡಾದರೆ ಸನ್, ಹೆಣ್ಣಾದರೆ ಡೋಟಿರ್ ಸೇರಿಸುತ್ತಾರೆ. ಅಲ್ಲಿ ಫೋನ್ ಪುಸ್ತಕವೂ ಅವರವರ ಹೆಸರಿನ ಅಕ್ಷರದ ಮೇಲೇ ಇರುತ್ತಿತ್ತು.

ಪತ್ರ ಬರಹಗಾರ, ಪಾಂಡವಪುರ

ತಾಯಿ, ನಿಮ್ಮ ಯಜಮಾನರ ತಾಲ್ಲೂಕಿನವನೇ ನಾನು. ಕಚೇರಿ ಎದುರು ಮೂವತ್ತೆಂಟು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದಿದ್ದೇನೆ. ಈಗ ಕೈ ನಡುಗುತ್ತದೆ, ಮೊಮ್ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ಎಲ್ಲರೂ ದೂರದ ದೇಶದ ಮಾತು ಹೇಳಿದಿರಿ, ಸಂತೋಷವಾಯಿತು. ಆದರೆ ನಿಮ್ಮ ಬೀರುವಿನಲ್ಲೇ ಇರುವುದನ್ನು ಯಾರೂ ಹೇಳಲಿಲ್ಲ.

ನಿಮ್ಮ ಜಮೀನಿನ ಪಹಣಿ ತೆಗೆಯಿರಿ. 9ನೇ ಕಲಂ ನೋಡಿ. ಬರೀ ಕೆಂಪೇಗೌಡ ಅಂತ ಇರುವುದಿಲ್ಲ. ಕೆಂಪೇಗೌಡ ಬಿನ್ ನಿಂಗೇಗೌಡ ಅಂತಿರುತ್ತದೆ. ಬಿನ್ ಅಂದ್ರೆ ಮಗ. ಅರಬ್ಬಿ ಮಾತು. ಜಮೀನು, ದಸ್ತಾವೇಜು ಎಲ್ಲ ಬಂದ ದಾರಿಯಲ್ಲೇ ನಮ್ಮ ಕಚೇರಿಗೆ ಬಂತು. ನರ್ಸಮ್ಮ ಹೇಳಿದ ಮ್ಯಾಕ್ ಇದೇ. ಹೆಣ್ಣುಮಗಳಾದರೆ ಲಕ್ಷ್ಮಮ್ಮ ಕೋಂ ನಿಂಗೇಗೌಡ. ಕೋಂ ಅಂದ್ರೆ ಇಂಥವರ ಹೆಂಡತಿ. ಆ ಐರಿಷ್ ಸೊಸೆಯ ಪದವೂ ನಮ್ಮಲ್ಲಿದೆ. ಅವರು ಕೂಗಿ ಕರೆಯುವ ಹೆಸರು ಮಾಡಿಕೊಂಡರು. ನಾವು ಮಣ್ಣಿನ ಲೆಕ್ಕದಲ್ಲಿ ಮಾತ್ರ ಇಟ್ಟುಕೊಂಡೆವು.

ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಹಾಗಾಗಿ ಕೆಂಪೇಗೌಡ ಬಿನ್ ನಿಂಗೇಗೌಡ, ಅವನ ಮಗ ನಿಂಗೇಗೌಡ ಬಿನ್ ಕೆಂಪೇಗೌಡ, ಅವನ ಮಗ ಮತ್ತೆ ಕೆಂಪೇಗೌಡ ಬಿನ್ ನಿಂಗೇಗೌಡ. ಎರಡೇ ಹೆಸರು, ಹಗ್ಗ ಹೊಸೆದ ಹಾಗೆ ನೂರು ವರ್ಷ. ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬರೆಯುವಾಗ ಯಾವ ಕೆಂಪೇಗೌಡ ಯಾವ ಕಾಲದವನು ಅಂತ ಹುಡುಕುವುದೇ ದೊಡ್ಡ ಕೆಲಸ. ಆಗ ಕೈಹಿಡಿಯುವ ಪದ ಒಂದಿದೆ, ಉರುಫ್. ಕೆಂಪೇಗೌಡ ಉರುಫ್ ಕುಳ್ಳಯ್ಯ. ನಿಂಗೇಗೌಡ ಉರುಫ್ ಮೀಸೆಗೌಡ. ಊರು ಕರೆದ ಹೆಸರು ಅದು. ಪತ್ರ ಬರೆಯುವಾಗ ಕೆಲವರು ನಾಚಿಕೊಂಡು "ಅದು ಬೇಡ ಸ್ವಾಮಿ" ಅನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ನಾಳೆ ನಿಮ್ಮ ಮೊಮ್ಮಕ್ಕಳು ನಿಮ್ಮನ್ನು ಗುರುತು ಹಿಡಿಯುವುದು ಅದರಿಂದಲೇ ಅಂತ ಹೇಳಿ ಬರೆಯುತ್ತಿದ್ದೆ.

ನಿಮ್ಮ ಮಗಳ ಚೀಟಿಯಲ್ಲಿ ಅಪ್ಪನ ಹೆಸರು ಬಂದಿದ್ದು ತಪ್ಪಲ್ಲ ತಾಯಿ. ಬಿನ್ ಒಂದು ಬಿಟ್ಟುಹೋಗಿದೆ, ಅಷ್ಟೇ. ಮಗನಿಗೂ ಅದನ್ನೇ ಬರೆಯಿರಿ. ಅಕ್ಕ ತಮ್ಮ ಒಂದೇ ಮನೆಯವರು ಅಂತ ಪರದೇಶದವರಿಗೂ ತಿಳಿಯುತ್ತದೆ.

ಕನ್ನಡ ಟೀಚರ್, ಕುವೆಂಪುನಗರ, ಮೈಸೂರು

ಸ್ವಾಮಿ, ನೀವು ಹೇಳಿದ ಹಾಗೇ ಮಾಡಿದೆ. ಮಗನ ಅರ್ಜಿಯಲ್ಲಿ ಅವನ ಅಪ್ಪನ ಹೆಸರು ತುಂಬಿದ್ದೇನೆ. ಅವನೇ ಕೂತು ಒಂದೊಂದು ಅಕ್ಷರ ಬಿಡಿಸಿ ಬರೆದ.

ಭಾನುವಾರ ಊರಿಗೆ ಹೋಗಿ ಅತ್ತೆಯವರ ಟ್ರಂಕ್ ತೆಗೆಸಿದೆ. ಪಹಣಿ ಹೊಸದು, ಕಂಪ್ಯೂಟರ್‌ನದು. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕ್ರಯಪತ್ರ ಸಿಕ್ಕಿತು. ಛಾಪಾ ಕಾಗದ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದೆ, ಮಡಿಕೆಯಲ್ಲಿ ಹರಿದಿದೆ. ನಮ್ಮ ಯಜಮಾನರ ಹೆಸರೇ ಅದರಲ್ಲಿದೆ! ಒಂದು ಕ್ಷಣ ಎದೆ ಧಸಕ್ಕಂದಿತು. ಅವರಲ್ಲ, ಅವರ ಅಜ್ಜ. ಅಜ್ಜನ ಹೆಸರು ಮೊಮ್ಮಗನಿಗೆ ಅಂತ ನೀವು ಹೇಳಿದ್ದು ಹಾಗೇ ಕಣ್ಣ ಮುಂದೆ ಬಂತು. ನಾವು ಯಾರೂ ಅತ್ತೆಯವರನ್ನು ಇಷ್ಟು ದಿನ ಕೇಳಿಯೇ ಇರಲಿಲ್ಲ.

ಅವರ ಹೆಸರಾದ ಮೇಲೆ ಉರುಫ್ ಅಂತಿದೆ. ಆಮೇಲಿನ ಪದದಲ್ಲಿ 'ಸೊ' ಮಾತ್ರ ಕಾಣುತ್ತದೆ. ಮುಂದಿನ ಅಕ್ಷರಗಳನ್ನು ಹುಳ ತಿಂದಿದೆ, ಒತ್ತಕ್ಷರದ ಬಾಲ ಒಂದು ಉಳಿದಿದೆ. ಸೊಟ್ಟಯ್ಯ ಇರಬಹುದೇ? ಅತ್ತೆಯವರಿಗೂ ನೆನಪಿಲ್ಲ. ಫೋಟೋ ಕೆಳಗೆ ಹಾಕಿದ್ದೇನೆ, ಮೂರನೇ ಸಾಲು. ನಿಮ್ಮ ಕಣ್ಣಿಗೆ ಏನಾದರೂ ಕಾಣುತ್ತದಾ ನೋಡಿ.

ಪತ್ರ ಬರಹಗಾರ, ಪಾಂಡವಪುರ

ಫೋಟೋದಲ್ಲಿ ದೀಪದ ಬೆಳಕು ಬಿದ್ದಿದೆ, ಬಾಲ ಸರಿಯಾಗಿ ಕಾಣುತ್ತಿಲ್ಲ ತಾಯಿ. ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ಜಗಲಿ ಮೇಲೆ ಇಟ್ಟು, ಹಿಂದಿನಿಂದ ಬೆಳಕು ಬರುವ ಹಾಗೆ ಹಿಡಿದು ಇನ್ನೊಂದು ತೆಗೆಯಿರಿ. ಮಡಿಕೆ ಬಿಡಿಸುವಾಗ ಎಳೆಯಬೇಡಿ. ಪತ್ರದ ಕೊನೆಯಲ್ಲಿ ಸಾಕ್ಷಿಗಳ ಸಾಲಿದೆಯಲ್ಲ, ಅದನ್ನೂ ತೆಗೆಯಿರಿ. ಅಲ್ಲಿ ಅಣ್ಣತಮ್ಮಂದಿರು ಯಾರಾದರೂ ಹೆಬ್ಬೆಟ್ಟು ಒತ್ತಿದ್ದರೆ ಅದೇ ಉರುಫ್ ಮತ್ತೆ ಬಂದಿರುತ್ತದೆ.